ಷರಾ ಅಂಕಣದಲ್ಲಿ ನನ್ನ ಸಂಸಾರ

ಸರ್ಕಾರದ ಸಹಾಯಧನ ಯಾರು ಯಾರಿಗೆ ಸಿಕ್ಕಿತು ಎಂಬ ಪಟ್ಟಿ ಎಲ್ಲರ ಕಣ್ಣಿಗೂ ಬೀಳುವಂತಿರಬೇಕು ಎಂದು ವಾದಿಸುವವರಲ್ಲಿ ನಾನೂ ಒಬ್ಬಳು. ಅರ್ಹರಿಗೆ ಸಿಕ್ಕಿತೋ ಇಲ್ಲವೋ, ಒಬ್ಬರಿಗೇ ಎರಡು ಸಲ ಹೋಯಿತೋ, ಒಬ್ಬರ ಹೆಸರಿನಲ್ಲಿ ಇನ್ಯಾರು ನುಂಗಿದರೋ, ಎಲ್ಲ ತಿಳಿಯುವುದು ಅಂಥ ಪಟ್ಟಿಗಳಿಂದಲೇ. ಆದರೆ ಅದೇ ಪಟ್ಟಿಯಲ್ಲಿ ನನ್ನ ಬ್ಯಾಂಕ್ ಖಾತೆಯ ಸಂಖ್ಯೆ ಏಕಿರಬೇಕು? ಗಂಡ ನನ್ನನ್ನು ಬಿಟ್ಟುಹೋಗಿದ್ದಾನೆ ಎಂಬ ಸಂಗತಿ ಏಕಿರಬೇಕು? ಈ ಎರಡು ಪ್ರಶ್ನೆಗಳನ್ನು ಹಿಡಿದುಕೊಂಡು ಬೆಂಗಳೂರಿನ ಕಚೇರಿಯೊಂದರ ಮೆಟ್ಟಿಲು ಹತ್ತಿ ಇಳಿದ ವೃತ್ತಾಂತವಿದು.

ಹನುಮಂತನಗರದಲ್ಲಿ ನನ್ನದು ಸಣ್ಣದೊಂದು ಮನೆ ಉದ್ಯಮ. ಸಾರಿನ ಪುಡಿ, ಹುಳಿ ಪುಡಿ, ಚಟ್ನಿ ಪುಡಿ ಮಾಡಿ ಅಂಗಡಿಗಳಿಗೆ ಹಾಕುತ್ತೇನೆ. ಅದಕ್ಕೂ ಮೊದಲು ಚಿಕ್ಕಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದೆ. ಪುಡಿ ಮಾಡುವ ಯಂತ್ರ ಕೊಳ್ಳಲೆಂದು ನಿಗಮವೊಂದಕ್ಕೆ ಸಹಾಯಧನಕ್ಕಾಗಿ ಅರ್ಜಿ ಹಾಕಿದ್ದೆ. ಒಂಟಿ ಮಹಿಳೆಯರಿಗೆ ಆದ್ಯತೆ ಎಂದಿದ್ದುದರಿಂದ ಅದಕ್ಕೆ ಬೇಕಾದ ದಾಖಲೆಗಳನ್ನೂ ಲಗತ್ತಿಸಿದ್ದೆ. ಹಣ ಬಂತು, ಯಂತ್ರವೂ ಬಂತು. ಆ ಮಟ್ಟಿಗೆ ನಿಗಮದ ಋಣ ನನ್ನ ಮೇಲಿದೆ. ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಈ ಕಾಯಿಲೆ ಅದೊಂದೇ ಕಚೇರಿಯದಲ್ಲ.

ಒಂದು ಮಧ್ಯಾಹ್ನ ಕರೆ ಬಂತು. "ಮೇಡಂ, ಸಹಾಯಧನದ ಎರಡನೇ ಕಂತು ಮಂಜೂರಾಗಿದೆ" ಎಂದು ಅಚ್ಚುಕಟ್ಟಾದ ಕನ್ನಡದಲ್ಲಿ ಹೇಳಿದವನು ನನ್ನ ಅರ್ಜಿ ಸಂಖ್ಯೆ, ಬ್ಯಾಂಕಿನ ಶಾಖೆ, ಖಾತೆಯ ಅಂಕಿಗಳು ಎಲ್ಲವನ್ನೂ ತಾನೇ ಓದಿ ಒಪ್ಪಿಸಿದ. ಕೊನೆಗೆ ಒಟಿಪಿ ಕೇಳಿದ. ಆ ಯೋಜನೆಯಲ್ಲಿ ಎರಡನೇ ಕಂತೇ ಇಲ್ಲವೆಂದು ನನಗೆ ಗೊತ್ತಿತ್ತು, ಕರೆ ಕತ್ತರಿಸಿದೆ. ದುಡ್ಡು ಹೋಗಲಿಲ್ಲ. ಆದರೆ ಇಷ್ಟೆಲ್ಲ ಅವನಿಗೆ ಸಿಕ್ಕಿದ್ದು ಎಲ್ಲಿಂದ ಎಂಬ ಚಿಂತೆ ಹತ್ತಿತು.

ನನ್ನ ಹೆಸರನ್ನು ಗೂಗಲ್‌ನಲ್ಲಿ ಹುಡುಕಿದರೆ ಏನೂ ಸಿಗಲಿಲ್ಲ. ಅಕ್ಕನ ಮಗ ಬಂದಿದ್ದವನು, "ಚಿಕ್ಕಮ್ಮ, ಹೆಸರು ಬಿಡು. ಮೊಬೈಲ್ ಸಂಖ್ಯೆಯನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕು" ಎಂದ. ಹುಡುಕಿದೆ. ಮೊದಲ ಫಲಿತಾಂಶವೇ ಆ ನಿಗಮದ ಜಾಲತಾಣದ ಒಂದು ಪಿಡಿಎಫ್. ಇದರ ಕಾರಣ ಸ್ವಾರಸ್ಯವಾಗಿದೆ. ನಮ್ಮ ಎಷ್ಟೋ ಕಚೇರಿಗಳಲ್ಲಿ ಇನ್ನೂ ಯುನಿಕೋಡ್ (ಎಲ್ಲ ಯಂತ್ರಗಳೂ ಓದಬಲ್ಲ ಅಕ್ಷರ ಸಂಕೇತ) ಅಲ್ಲದ, ಹಳೆಯ 'ನುಡಿ' ತಂತ್ರಾಂಶದ ಅಕ್ಷರದಲ್ಲೇ ಬೆರಳಚ್ಚು ಮಾಡುತ್ತಾರೆ. ಅಂಥ ಕಡತ ನಮ್ಮ ಕಣ್ಣಿಗೆ ಕನ್ನಡವಾಗಿ ಕಂಡರೂ ಹುಡುಕುವ ಯಂತ್ರಕ್ಕೆ ಕಾಣುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಹಾಗಾಗಿ ಹೆಸರು ಸಿಗುವುದಿಲ್ಲ. ಅಂಕಿಗಳು ಮಾತ್ರ ಅಂಕಿಗಳಾಗಿಯೇ ಉಳಿದಿರುತ್ತವೆ. ಮೊಬೈಲ್, ಖಾತೆ, ಆಧಾರ್: ಯಾವುದು ಸಿಗಬಾರದೋ ಅದೇ ಸಿಗುತ್ತದೆ.

ಪಟ್ಟಿಯಲ್ಲಿ ಹದಿನಾಲ್ಕು ಅಂಕಣಗಳಿದ್ದವು. ಕ್ರಮ ಸಂಖ್ಯೆ, ಅರ್ಜಿ ಸಂಖ್ಯೆ, ಹೆಸರು, ತಂದೆ ಅಥವಾ ಪತಿಯ ಹೆಸರು, ವಿಳಾಸ, ಜಾತಿ, ವಾರ್ಷಿಕ ಆದಾಯ, ಮೊಬೈಲ್, ಆಧಾರ್, ಬ್ಯಾಂಕು, ಶಾಖೆ, ಖಾತೆ ಸಂಖ್ಯೆ, ಮೊತ್ತ, ಕೊನೆಯಲ್ಲಿ ಷರಾ, ಅಂದರೆ ಕಚೇರಿಯವರ ಟಿಪ್ಪಣಿ. ನನ್ನ ಸಾಲಿನ ಷರಾದಲ್ಲಿ "ಪತಿಯಿಂದ ಪರಿತ್ಯಕ್ತೆ" ಎಂದು ಬರೆದಿತ್ತು. ನನಗೆ ಸಿಟ್ಟು ಬಂದದ್ದು ಖಾತೆ ಸಂಖ್ಯೆ ಕಂಡಾಗಲ್ಲ, ಈ ಎರಡು ಪದ ಕಂಡಾಗ. ಇಡೀ ಬೀದಿಗೆ ಗೊತ್ತಿರುವ ವಿಷಯವೇ ಇರಬಹುದು. ಬೀದಿಗೆ ಗೊತ್ತಿರುವುದು ಬೇರೆ, ಸರ್ಕಾರಿ ಕಾಗದದಲ್ಲಿ ಅಚ್ಚಾಗಿ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಇರುವುದು ಬೇರೆ. ಪುಟ ಸರಿಸುತ್ತ ಹೋದೆ. "ವಿಧವೆ", "ಅಂಗವಿಕಲೆ". ಇನ್ನೊಂದು ಸಾಲಿನಲ್ಲಿ "ಎಚ್‌ಐವಿ ಬಾಧಿತೆ". ಪಕ್ಕದಲ್ಲೇ ಆಕೆಯ ಮನೆಯ ಸಂಖ್ಯೆ, ಅಡ್ಡರಸ್ತೆ, ಮೊಬೈಲ್. ಒಪ್ಪಿಗೆಯಿಲ್ಲದೆ ಒಬ್ಬರ ಎಚ್‌ಐವಿ ಸ್ಥಿತಿಯನ್ನು ಬಹಿರಂಗಪಡಿಸಬಾರದೆಂದು 2017ರಲ್ಲೇ ಸಂಸತ್ತು ಪ್ರತ್ಯೇಕ ಕಾಯ್ದೆ ಮಾಡಿದೆ. ಆಕೆಗೆ ಕರೆ ಮಾಡಿ ತಿಳಿಸೋಣವೇ ಎಂದು ಒಂದು ಕ್ಷಣ ಯೋಚಿಸಿದೆ. ಗುರುತಿಲ್ಲದವಳೊಬ್ಬಳು ಕರೆ ಮಾಡಿ, ನಿಮ್ಮ ಕಾಯಿಲೆಯ ವಿಷಯ ಓದಿದೆ ಎಂದರೆ ಆಕೆಯ ಎದೆ ಹೇಗೆ ಒಡೆಯಬೇಡ! ಮಾಡಲಿಲ್ಲ. ಆದರೆ ಇದನ್ನು ತೆಗೆಸಲೇಬೇಕು ಎಂದು ತೀರ್ಮಾನಿಸಿದ್ದು ಆ ಸಾಲನ್ನು ನೋಡಿದ ಮೇಲೆ.

ಮರುದಿನ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಮೆಟ್ರೊ ಹತ್ತಿ ಮೆಜೆಸ್ಟಿಕ್‌ನಲ್ಲಿ ಬದಲಿಸಿ ವಿಧಾನಸೌಧದ ನಿಲ್ದಾಣದಲ್ಲಿ ಇಳಿದೆ. ಕಚೇರಿಯಲ್ಲಿ ಈ ಯೋಜನೆಯ ಕಡತ ನೋಡಿಕೊಳ್ಳುವ ವಿಷಯ ನಿರ್ವಾಹಕರು ನಾನು ಮುದ್ರಿಸಿ ತಂದ ಪುಟವನ್ನು ನೋಡಿ, "ಮೇಡಂ, ಇದು ಪಾರದರ್ಶಕತೆಗಾಗಿ ಹಾಕಿರುವುದು. ಹಾಕದಿದ್ದರೆ ಆರ್‌ಟಿಐನವರು ಬಂದು ಕುತ್ತಿಗೆ ಹಿಡಿಯುತ್ತಾರೆ" ಎಂದರು. ಕೆಟ್ಟ ಮನುಷ್ಯರಲ್ಲ. ಕುಳಿತುಕೊಳ್ಳಲು ಕುರ್ಚಿ ಕೊಟ್ಟರು, ಅದೇ ದೊಡ್ಡದು. ನಾನು ಮನವಿಯನ್ನು ಟಪಾಲು ವಿಭಾಗಕ್ಕೆ ಕೊಟ್ಟು, ನನ್ನ ಪ್ರತಿಯ ಮೇಲೆ ಮೊಹರು ಮತ್ತು ದಿನಾಂಕ ಹಾಕಿಸಿಕೊಂಡೆ. ಯಾವ ಕಚೇರಿಗೇ ಹೋಗಲಿ, ಮೊಹರು ಬಿದ್ದ ಪ್ರತಿ ಕೈಯಲ್ಲಿಲ್ಲದೆ ಹೊರಗೆ ಬರಬಾರದು.

ಮನವಿಯಲ್ಲಿ ಬರೆದದ್ದು ಹೆಚ್ಚೇನಲ್ಲ. 2016ರ ಆಧಾರ್ ಕಾಯ್ದೆಯ 29(4)ನೇ ಕಲಮಿನ ಪ್ರಕಾರ, ನಿಯಮಗಳಲ್ಲಿ ಹೇಳಿದ ಉದ್ದೇಶಗಳ ಹೊರತಾಗಿ ಯಾರ ಆಧಾರ್ ಸಂಖ್ಯೆಯನ್ನೂ ಸಾರ್ವಜನಿಕವಾಗಿ ಪ್ರಕಟಿಸುವಂತಿಲ್ಲ. ಖಾಸಗಿತನ ಸಂವಿಧಾನದ 21ನೇ ವಿಧಿಯೊಳಗಿನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದೆ. ಆ ತೀರ್ಪಿಗೆ ಹೆಸರಾದವರು ನಮ್ಮ ಊರಿನವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಆಧಾರ್ ವಿರುದ್ಧ ಅವರು ಕೋರ್ಟಿಗೆ ಹೋದಾಗ ವಯಸ್ಸು ಎಂಬತ್ತು ದಾಟಿತ್ತು. ಆ ವಯಸ್ಸಿನಲ್ಲಿ ಅವರು ದೆಹಲಿಯವರೆಗೆ ಜಗ್ಗಿದರೆ, ನಾನು ಈ ಕಚೇರಿಯಿರುವ ಅಂಬೇಡ್ಕರ್ ವೀದಿಯವರೆಗೆ ಹೋಗಲಾರೆನೇ ಎಂದುಕೊಂಡೆ. 2024ರಲ್ಲಿ ಅವರು ತೀರಿಕೊಂಡರು.

ಕೆಲವು ದಿನಗಳಲ್ಲಿ ಜಾಲತಾಣದ ಪುಟದಿಂದ ಪಟ್ಟಿಯ ಕೊಂಡಿ ಮಾಯವಾಯಿತು. ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಹಳೆಯ ವಿಳಾಸವನ್ನೇ ಮತ್ತೆ ಒತ್ತಿ ನೋಡಿದೆ. ಕಡತ ಹಾಯಾಗಿ ತೆರೆದುಕೊಂಡಿತು. ಅವರು ತೆಗೆದದ್ದು ಕೊಂಡಿಯನ್ನು ಮಾತ್ರ, ಕಡತ ಸರ್ವರ್‌ನಲ್ಲೇ ಕುಳಿತಿತ್ತು. ಗೂಗಲ್‌ನಿಂದ ಬರುವವರಿಗೆ ಕೊಂಡಿ ಬೇಕಾಗಿಲ್ಲ, ನೇರವಾಗಿ ಕಡತಕ್ಕೇ ಬರುತ್ತಾರೆ. ಮತ್ತೆ ಹೋದೆ, ಮತ್ತೆ ಮನವಿ ಕೊಟ್ಟೆ. ಈ ಸಲ ಅವರು ಹಳೆಯದನ್ನು ಅಳಿಸಿ ಹೊಸ ಪಟ್ಟಿ ಹಾಕಿದರು. ಆಧಾರ್ ಮತ್ತು ಖಾತೆಯ ಅಂಕಣಗಳ ಮೇಲೆ ದಪ್ಪ ಕಪ್ಪು ಪಟ್ಟಿ.

ನೋಡಲು ಚೆನ್ನಾಗಿಯೇ ಇತ್ತು. ಲೆಕ್ಕ ಬರೆದವಳ ಅನುಮಾನದ ಬುದ್ಧಿ ಮಾತ್ರ ಸುಮ್ಮನಿರಲಿಲ್ಲ. ಆ ಕಪ್ಪು ಪಟ್ಟಿಯ ಮೇಲೆ ಮೌಸ್ ಎಳೆದು, ನಕಲು ಮಾಡಿ, ನೋಟ್‌ಪ್ಯಾಡಿಗೆ ಅಂಟಿಸಿದೆ. ಅಷ್ಟೂ ಆಧಾರ್ ಸಂಖ್ಯೆಗಳು ಸಾಲಾಗಿ ಬಂದು ಬಿದ್ದವು. ಕಿಟಕಿ ಮುಚ್ಚದೆ ಪರದೆ ಇಳಿಬಿಟ್ಟು, ಕಳ್ಳ ಬರುವುದಿಲ್ಲ ಎಂದುಕೊಂಡ ಹಾಗಾಯಿತು. ಕಚೇರಿಗೆ ಹೋಗಿ ಅವರದೇ ಕಂಪ್ಯೂಟರಿನಲ್ಲಿ ಹಾಗೆಯೇ ಮಾಡಿ ತೋರಿಸಿದೆ. ಹೊರಗುತ್ತಿಗೆಯ ಮೇಲೆ ಕೆಲಸ ಮಾಡುವ ಡೇಟಾ ಎಂಟ್ರಿ ಹುಡುಗ ನನ್ನ ಪಕ್ಕದಲ್ಲೇ ನಿಂತಿದ್ದ. ಅವನ ಮುಖ ಬಾಡಿತು. "ಅಕ್ಕ, ವರ್ಡ್‌ನಲ್ಲಿ ಚೌಕ ಎಳೆದು ಮುಚ್ಚಿ ಎಂದರು, ಮುಚ್ಚಿದೆ. ಇದೆಲ್ಲ ಯಾರೂ ಹೇಳಿಕೊಟ್ಟಿಲ್ಲ" ಎಂದ. ಅವನ ತಪ್ಪೇನಿದೆ? ಮರೆಮಾಡಬೇಕಾದ ಅಂಕಣವನ್ನು ಮೂಲ ಎಕ್ಸೆಲ್ ಹಾಳೆಯಿಂದಲೇ ಅಳಿಸಿ, ಆಮೇಲೆ ಪಿಡಿಎಫ್ ಮಾಡಬೇಕು. ಎಕ್ಸೆಲ್‌ನಲ್ಲಿ ಅಂಕಣವನ್ನು ಅಡಗಿಸಿ ಅದೇ ಕಡತವನ್ನು ಹಾಕಿದರೂ ಪ್ರಯೋಜನವಿಲ್ಲ. ಇಳಿಸಿಕೊಂಡವರು ಮತ್ತೆ ಬಿಡಿಸಿ ನೋಡಬಹುದು. ಅದೇ ಜಾಲತಾಣದ ಇನ್ನೊಂದು ಯೋಜನೆಯ ಪಟ್ಟಿಯಲ್ಲಿ ಆಧಾರ್‌ನ ಕೊನೆಯ ನಾಲ್ಕು ಅಂಕಿ ಮುಚ್ಚಿ ಮೊದಲ ಎಂಟು ತೋರಿಸಿದ್ದರು. ಮರೆಮಾಡಿದ ಆಧಾರ್ ಎಂದರೆ ಮೊದಲ ಎಂಟು ಮುಚ್ಚಿ ಕೊನೆಯ ನಾಲ್ಕು ತೋರಿಸುವುದು ವಾಡಿಕೆ. ಹೀಗೆ ಬೇರೆ ಬೇರೆ ಬಗೆಯಲ್ಲಿ ಮುಚ್ಚಿದ ಎರಡು ಪಟ್ಟಿಗಳಲ್ಲಿ ಒಬ್ಬರೇ ಇದ್ದರೆ, ಒಂದರ ಎಂಟು ಮತ್ತೊಂದರ ನಾಲ್ಕು ಸೇರಿ ಹನ್ನೆರಡೂ ಕೈಗೆ ಸಿಗುತ್ತವೆ.

"ಆಧಾರ್ ಸಂಖ್ಯೆ ಸಿಕ್ಕಿದ ಮಾತ್ರಕ್ಕೆ ಏನಾಗುತ್ತದಮ್ಮ?" ಎಂದು ಅಧೀಕ್ಷಕರು ಕೇಳಿದರು. ಪ್ರಾಮಾಣಿಕವಾದ ಪ್ರಶ್ನೆ, ಕೊಂಕಿರಲಿಲ್ಲ. ಆಧಾರ್ ಆಧಾರಿತ ಪಾವತಿಯಲ್ಲಿ ಹಣ ತೆಗೆಯಲು ಬೇಕಾಗುವುದು ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಿನ ಗುರುತು. ಒಟಿಪಿಯೂ ಬೇಡ. 2023ರಲ್ಲಿ ಬೆಂಗಳೂರಿನಲ್ಲೇ ಹಲವರ ಖಾತೆಗಳಿಂದ ಹೀಗೆ ಹಣ ಹೋಗಿ, ಆಸ್ತಿ ನೋಂದಣಿ ಪತ್ರಗಳ ಮೇಲಿನ ಹೆಬ್ಬೆರಳ ಗುರುತನ್ನು ನಕಲು ಮಾಡಿ ವಂಚಿಸಿದ ಪ್ರಕರಣಗಳು ಪೊಲೀಸರ ಮುಂದೆ ಬಂದಿದ್ದವು. ಮೂರರಲ್ಲಿ ಎರಡನ್ನು ಈ ಪಟ್ಟಿಯೇ ಕೊಡುತ್ತಿದೆ ಎಂದೆ. ಬೆಂಗಳೂರಿನ ಸೆಂಟರ್ ಫಾರ್ ಇಂಟರ್‌ನೆಟ್ ಆ್ಯಂಡ್ ಸೊಸೈಟಿ ಎಂಬ ಸಂಶೋಧನಾ ಸಂಸ್ಥೆ 2017ರ ಮೇ ತಿಂಗಳಲ್ಲಿ ಹೊರತಂದ ವರದಿಯ ಮಾತನ್ನೂ ಎತ್ತಿದೆ. ಬರೇ ನಾಲ್ಕು ಸರ್ಕಾರಿ ಜಾಲತಾಣಗಳಿಂದ ಸುಮಾರು 13 ಕೋಟಿ ಜನರ ಆಧಾರ್ ಸಂಖ್ಯೆಗಳು ಹೊರಬಿದ್ದಿರಬಹುದು ಎಂದು ಅದು ಅಂದಾಜು ಮಾಡಿತ್ತು. ಯಾರೂ ಕನ್ನ ಹಾಕಿರಲಿಲ್ಲ. ಕಚೇರಿಗಳೇ ಎತ್ತಿ ಹೊರಗಿಟ್ಟಿದ್ದವು. ಆ ಸಂಜೆ ಮನೆಗೆ ಬಂದು ಎಂಆಧಾರ್ ಆ್ಯಪ್‌ನಲ್ಲಿ ನನ್ನ ಬಯೋಮೆಟ್ರಿಕ್‌ಗೆ, ಅಂದರೆ ಬೆರಳಿನ ಗುರುತಿನಂಥವುಗಳ ಬಳಕೆಗೆ, ಬೀಗ ಹಾಕಿದೆ. ಇದನ್ನು ಯಾರು ಬೇಕಾದರೂ ಮಾಡಿಕೊಳ್ಳಬಹುದು, ಬೇಕೆಂದಾಗ ತೆಗೆಯಲೂಬಹುದು.

ಆಮೇಲೆ ನಡೆದದ್ದು ನಾನು ಎಣಿಸದೇ ಇದ್ದದ್ದು. ಇಡೀ ಪಟ್ಟಿಯೇ ಜಾಲತಾಣದಿಂದ ಕಾಣೆಯಾಯಿತು. ನನ್ನದಷ್ಟೇ ಅಲ್ಲ, ಹಿಂದಿನ ವರ್ಷಗಳವೂ. ಅಂಚೆಯಲ್ಲಿ ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ, ಬಂತು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಜಾರಿಗೆ ಬಂದಿರುವುದರಿಂದ ಫಲಾನುಭವಿಗಳ ವೈಯಕ್ತಿಕ ಮಾಹಿತಿಯನ್ನು ಇನ್ನು ಮುಂದೆ ಪ್ರಕಟಿಸಲಾಗುವುದಿಲ್ಲ, "ತಮ್ಮ ಮನವಿಯನ್ನು ಈ ಮೂಲಕ ಇತ್ಯರ್ಥಪಡಿಸಲಾಗಿದೆ". ಮೊದಲು ಪಾರದರ್ಶಕತೆಯ ಹೆಸರಿನಲ್ಲಿ ಬಟ್ಟೆ ಬಿಚ್ಚಿದವರು ಈಗ ಖಾಸಗಿತನದ ಹೆಸರಿನಲ್ಲಿ ಬಾಗಿಲನ್ನೇ ಜಡಿದರು. ನಾನು ಕೇಳಿದ್ದು ಇದನ್ನಲ್ಲ.

ಆ ಕಾಯ್ದೆಯ ವಿಷಯದಲ್ಲಿ ಒಂದು ವಿಚಿತ್ರವಿದೆ. ಸಂಸತ್ತು ಅದನ್ನು ಮಾಡಿದ್ದು 2023ರಲ್ಲಿ, ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ. ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮನ್ನು ಬಿಗಿಗೊಳಿಸಿ, ವೈಯಕ್ತಿಕ ಮಾಹಿತಿ ಎಂದರೆ ಸಾಕು, ಕೊಡದೆ ಇರಬಹುದು ಎಂದು ಮಾಡಿದ ಭಾಗ ಆಗಲೇ ಜಾರಿಗೆ ಬಂದಿತು. ತನ್ನ ಮಾಹಿತಿಯನ್ನು ತಿದ್ದಿಸುವ, ಅಳಿಸುವ ಹಕ್ಕನ್ನು ನಾಗರಿಕರಿಗೆ ಕೊಡುವ ಭಾಗಕ್ಕೆ ಮಾತ್ರ ಹದಿನೆಂಟು ತಿಂಗಳ ಗಡುವು. ಅಂದರೆ ನನಗೆ ಗುರಾಣಿ ಸಿಗುವ ಮೊದಲೇ ಕಚೇರಿಗೆ ಬೀಗ ಸಿಕ್ಕಿತ್ತು. ಆದರೂ ಹಿಂಬರಹದ ವಾದ ನಿಲ್ಲುವುದಿಲ್ಲ. ಸಹಾಯಧನ ಕಾರ್ಯಕ್ರಮಗಳ ಮೊತ್ತ ಮತ್ತು ಫಲಾನುಭವಿಗಳ ವಿವರವನ್ನು ಯಾರೂ ಕೇಳದಿದ್ದರೂ ಕಚೇರಿಗಳೇ ಪ್ರಕಟಿಸಬೇಕು ಎನ್ನುವ, ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಕಲಮಿನ ಹನ್ನೆರಡನೇ ಅಂಶವನ್ನು ಯಾರೂ ಮುಟ್ಟಿಲ್ಲ. ಸಾರ್ವಜನಿಕ ಹಿತ ದೊಡ್ಡದಾದರೆ ಮಾಹಿತಿ ಕೊಡಬಹುದು ಎನ್ನುವ 8(2) ಕೂಡ ಹಾಗೆಯೇ ಉಳಿದಿದೆ.

ಮಾಹಿತಿ ಹಕ್ಕಿನಡಿ ಒಂದು ಅರ್ಜಿ ಬರೆದೆ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ಮೀರಬಾರದು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿದೆ. ಕೇಳಿದ್ದು ಇಷ್ಟೇ: ಪಟ್ಟಿಯಲ್ಲಿ ಯಾವ ಯಾವ ಅಂಕಣಗಳನ್ನು ಪ್ರಕಟಿಸಬೇಕೆಂದು ತೀರ್ಮಾನಿಸಿದ ಕಡತದ ಟಿಪ್ಪಣಿ ಹಾಳೆ ಮತ್ತು ಆ ಬಗೆಗಿನ ಸುತ್ತೋಲೆಯ ಪ್ರತಿ ಕೊಡಿ. ಇದರಲ್ಲೊಂದು ವ್ಯಂಗ್ಯವಿದೆ. ನನ್ನ ಖಾತೆಯ ವಿವರ ಬೇಕೆಂದು ಬೇರೆ ಯಾರೋ ಇದೇ ಕಾಯ್ದೆಯಡಿ ಅರ್ಜಿ ಹಾಕಿದ್ದರೆ, ನಾನು ಗೋಪ್ಯವೆಂದು ಕೊಟ್ಟ ಮಾಹಿತಿಯನ್ನು ಕೊಡುವ ಮುನ್ನ 11ನೇ ಕಲಮಿನಂತೆ ಐದು ದಿನದೊಳಗೆ ನನಗೆ ನೋಟಿಸ್ ಕೊಡಬೇಕಿತ್ತು, ಆಕ್ಷೇಪಿಸಲು ನನಗೆ ಹತ್ತು ದಿನ ಸಿಗುತ್ತಿತ್ತು. ಯಾರೂ ಕೇಳದಿದ್ದಾಗ ಮಾತ್ರ ನೋಟಿಸೂ ಇಲ್ಲ, ಆಕ್ಷೇಪವೂ ಇಲ್ಲ, ನೇರ ಜಾಲತಾಣಕ್ಕೆ!

ಉತ್ತರ ಗಡುವಿನೊಳಗೇ ಬಂತು. ಸುತ್ತೋಲೆ "ಲಭ್ಯವಿರುವುದಿಲ್ಲ". ಟಿಪ್ಪಣಿ ಹಾಳೆಯ ನೆರಳಚ್ಚು ಪ್ರತಿ ಒಂದೇ ಪುಟ. ಅದರಲ್ಲಿ, "ಬ್ಯಾಂಕಿಗೆ ಸಲ್ಲಿಸಿರುವ ಪಟ್ಟಿಯನ್ನೇ ಜಾಲತಾಣದಲ್ಲಿ ಅಳವಡಿಸಬಹುದಾಗಿದೆ. ಆದೇಶಕ್ಕಾಗಿ ಮಂಡಿಸಿದೆ" ಎಂದು ಒಂದು ಕೈಬರಹ. ಅದರ ಕೆಳಗೆ ಬೇರೊಂದು ಶಾಯಿಯಲ್ಲಿ, "ಅನುಮೋದಿಸಿದೆ". ಕೆಳಗೆ ಸೊಟ್ಟ ಸಹಿ, ದಿನಾಂಕ. ಅಷ್ಟೆ. ಜನರಿಗೆ ತೋರಿಸಲು ಎಂದು ಯಾರೂ ಒಂದು ಪಟ್ಟಿಯನ್ನು ಮಾಡಿರಲೇ ಇಲ್ಲ. ಹಣ ಹಾಕಲು ಬ್ಯಾಂಕಿಗೆ ಬೇಕಾದ ಹಾಳೆ, ಅರ್ಜಿ ಪರಿಶೀಲಿಸುವವರು ಷರಾ ಗೀಚಿದ ಹಾಳೆ, ಅದೇ ಊರ ಮುಂದೆ ಬಂದಿತ್ತು. ಕೇಡು ಬಗೆಯುವ ಮನಸ್ಸು ಯಾರಿಗೂ ಇರಲಿಲ್ಲ. ಕೆಲಸ ಒಂದು ಹೆಜ್ಜೆ ಕಡಿಮೆಯಾಗಲಿ ಎಂದಷ್ಟೇ.

ಆ ಹಾಳೆಯನ್ನು ಹಿಡಿದುಕೊಂಡು ಪ್ರಧಾನ ವ್ಯವಸ್ಥಾಪಕರನ್ನು ಭೇಟಿಯಾದೆ. ಅವರು ಹೆಂಗಸು, ಮಾತು ಕಡಿಮೆ. ಎಚ್‌ಐವಿಯ ಸಾಲಿನ ಬಗ್ಗೆ ನಾನು ಹೇಳಿದಾಗ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಇದು ನನ್ನ ಗಮನಕ್ಕೆ ಬಂದಿಲ್ಲ" ಎಂದರು. ವಿಷಯ ನಿರ್ವಾಹಕರನ್ನೂ ಕರೆಸಿದರು. ಅವರು ಎತ್ತಿದ ತಕರಾರಿನಲ್ಲಿ ಹುರುಳಿತ್ತು. "ಮೇಡಂ, ಹಿಂದೊಮ್ಮೆ ಎರಡು ಬೇರೆ ಬೇರೆ ಹೆಸರಿಗೆ ಒಂದೇ ಖಾತೆಗೆ ದುಡ್ಡು ಹೋದದ್ದು ಗೊತ್ತಾದದ್ದೇ ಖಾತೆ ಸಂಖ್ಯೆ ಹೊರಗಿದ್ದುದರಿಂದ. ಅದನ್ನು ಮುಚ್ಚಿದರೆ ಕಳ್ಳರಿಗೆ ಅನುಕೂಲ." ಇದಕ್ಕೆ ನನ್ನಲ್ಲಿ ಸಿದ್ಧ ಉತ್ತರವಿರಲಿಲ್ಲ. ಕುಳಿತಲ್ಲೇ ಲೆಕ್ಕ ಹಾಕಿದೆವು. ಖಾತೆಯ ಕೊನೆಯ ನಾಲ್ಕು ಅಂಕಿ ಮತ್ತು ಶಾಖೆಯ ಹೆಸರು ಇದ್ದರೆ ಒಂದೇ ಖಾತೆ ಎರಡು ಕಡೆ ಬಂದರೆ ಅನುಮಾನ ಹುಟ್ಟಲು ಸಾಕು. ಅನುಮಾನ ಬಂದವರು ಅರ್ಜಿ ಸಂಖ್ಯೆ ಹಿಡಿದು ದೂರು ಕೊಡಲಿ. ಪೂರ್ತಿ ಸಂಖ್ಯೆಯನ್ನು ಲೆಕ್ಕಪರಿಶೋಧಕರು ಒಳಗೆ ತಾಳೆ ನೋಡಲಿ. ವಿಳಾಸದ ಜಾಗದಲ್ಲಿ ವಾರ್ಡ್ ಸಾಕು. ಜಾತಿ ಬೇಡ, ಯಾವ ವರ್ಗದ ಮೀಸಲಿನಲ್ಲಿ ಆಯ್ಕೆಯಾಯಿತು ಎಂಬುದು ಇರಲಿ ಎಂದು ವಿಷಯ ನಿರ್ವಾಹಕರು ಪಟ್ಟು ಹಿಡಿದರು. ಅದು ಸರಿಯೆಂದೇ ನನಗೂ ಅನ್ನಿಸಿತು, ಇಲ್ಲದಿದ್ದರೆ ಮೀಸಲು ಯಾರಿಗೆ ಹೋಯಿತು ಎಂದು ಕೇಳಲು ಬುಡವೇ ಇರುವುದಿಲ್ಲ. ಒಂಟಿ ಮಹಿಳೆ, ಅಂಗವಿಕಲರು, ಕಾಯಿಲೆಯವರು ಎಂಬ ವಿಶೇಷ ಆದ್ಯತೆಗಳಲ್ಲಿ ಮಾತ್ರ ಹೆಸರಿನ ಎದುರು ಏನೂ ಬರೆಯದೆ, ಪಟ್ಟಿಯ ಕೊನೆಯಲ್ಲಿ ಯಾವ ಆದ್ಯತೆಗೆ ಎಷ್ಟು ಜನ ಎಂಬ ಒಟ್ಟು ಲೆಕ್ಕ ಕೊಡುವುದು ಎಂದಾಯಿತು. ಷರಾ ಅಂಕಣ ಪೂರ್ತಿ ಹೋಯಿತು.

ಈಗ ಪಟ್ಟಿಗಳು ಮತ್ತೆ ಜಾಲತಾಣದಲ್ಲಿವೆ, ಹಳೆಯ ವರ್ಷಗಳವೂ ಹೊಸ ನಮೂನೆಯಲ್ಲಿ. ಯುನಿಕೋಡ್‌ನಲ್ಲಿರುವುದರಿಂದ ಹೆಸರು ಹುಡುಕಿದರೆ ಹೆಸರು ಸಿಗುತ್ತದೆ, ಅದು ಇರಬೇಕಾದದ್ದೇ. ಗೂಗಲ್‌ನ ಕೆಲಸ ಕೊನೆಗುಳಿದಿತ್ತು. ಮೂಲ ಪುಟ ಇನ್ನೂ ಇರುವಾಗ ತೆಗೆಯಿರಿ ಎಂದು ಅವರಿಗೆ ಕೋರಿದರೆ, ಸರ್ಕಾರಿ ತಾಣದ ಸಾರ್ವಜನಿಕ ದಾಖಲೆ ಎಂಬ ಕಾರಣಕ್ಕೆ ನಿರಾಕರಿಸುವ ಸಾಧ್ಯತೆಯೇ ಹೆಚ್ಚು. ಮೂಲದಲ್ಲಿ ಕಡತ ಅಳಿಸಿದ ಮೇಲೆ, ಹಳತಾದ ವಿಷಯವನ್ನು ತೆಗೆಯಲು ಅವರದೇ ಒಂದು ಅರ್ಜಿ ನಮೂನೆಯಿದೆ. ಅದರಲ್ಲಿ ಹಳೆಯ ವಿಳಾಸ ಹಾಕಿದೆ, ಹುಡುಕಾಟದಲ್ಲಿ ಉಳಿದಿದ್ದ ತುಣುಕುಗಳೂ ಹೋದವು. ಅದಕ್ಕೆ ಮುನ್ನ ಯಾರು ಯಾರು ಇಳಿಸಿಕೊಂಡಿದ್ದಾರೋ ಅವರ ಬಳಿ ಇರುವುದನ್ನು ಯಾವ ಹಿಂಬರಹವೂ ಅಳಿಸಲಾರದು. ಎರಡನೇ ಕಂತಿನ ಕರೆಗಳು ಈಗಲೂ ಆಗಾಗ ಬರುತ್ತವೆ. ಖಾತೆಯನ್ನು ಬೇರೆ ಶಾಖೆಗೆ ಬದಲಿಸಿದ್ದೇನೆ, ಮೊಬೈಲ್ ಸಂಖ್ಯೆ ಬದಲಿಸಲು ಮನಸ್ಸಿಲ್ಲ. ಅಂಗಡಿಯವರೆಲ್ಲ ಅದರಲ್ಲೇ ಕರೆದು ಪುಡಿ ಕೇಳುತ್ತಾರೆ.

ಜಿಲ್ಲಾ ಕಚೇರಿಗಳು ಪ್ರತ್ಯೇಕವಾಗಿ ಪಟ್ಟಿ ಹಾಕುತ್ತವೆ, ಅವುಗಳಲ್ಲಿ ಕೆಲವು ಇನ್ನೂ ಹದಿನಾಲ್ಕು ಅಂಕಣದವೇ. ಹೊಸ ನಮೂನೆಯನ್ನು ಕಡ್ಡಾಯ ಮಾಡಿ ಸುತ್ತೋಲೆ ಹೊರಡಿಸಿದ್ದಾರೆಯೇ, ಹೊರಡಿಸಿದ್ದರೆ ಯಾವ ಯಾವ ಜಿಲ್ಲೆಗೆ ಯಾವ ದಿನ ತಲುಪಿತು ಎಂದು ಕೇಳಿ ಕಳೆದ ವಾರ ಇನ್ನೊಂದು ಅರ್ಜಿ ಹಾಕಿದ್ದೇನೆ. ಮೊಹರು ಬಿದ್ದ ಪ್ರತಿ ನನ್ನ ಬಳಿ ಇದೆ.